ಕುಡಿತಿನಿ ರಸ್ತೆಯ ಕಾರು ಲೆಕ್ಕ: ಐದನೇ ವಾರ

ಬೆಳಗಿನ ಐದೂಕಾಲಕ್ಕೆ ಕುಡಿತಿನಿ ಹತ್ತಿರದ ಚಾ ಅಂಗಡಿ ಮುಂದೆ ಕುಂತರೆ, ತೋರಣಗಲ್ಲಿನ ಕಾರ್ಖಾನೆಗೆ ಮೊದಲ ಪಾಳಿಯವರನ್ನು ಹೊತ್ತ ಗಾಡಿಗಳ ಸಾಲು ಕಾಣುತ್ತದೆ. ನನ್ನ ಹಾಳೆಯಲ್ಲಿ ಕಾರಿಗೊಂದು ಸಾಲು, ಒಳಗಿದ್ದವರಿಗೆ ತಲೆಗೊಂದು ಗೀಟು. ಇಂಥ ಹೊತ್ತಿನಲ್ಲಿ ಒಂದು ಲೇನನ್ನು ಮೂವರಿಗಿಂತ ಕಡಿಮೆ ಇಲ್ಲದ ಕಾರುಗಳಿಗೇ ಮೀಸಲಿಟ್ಟರೆ ಅದರಲ್ಲಿ ಎಷ್ಟು ಮಂದಿ ಹೋದಾರು? ಅಂಥ ಲೇನ್ ನಮ್ಮಲ್ಲಿಲ್ಲ. ಆದರೂ ಆ ಸಂಖ್ಯೆಯನ್ನು ಮುಂಚಿತವಾಗಿ ಹೇಳಲು ಬರುತ್ತದೆಯೇ ಅಂತ ನೋಡಬೇಕು ಎಂಬುದೇ ನನ್ನ ಹಟ.

ಮೊದಲೆರಡು ವಾರದ ಗೀಟುಗಳನ್ನು ಹೊಡೆದುಹಾಕಬೇಕಾಯಿತು. ಕಪ್ಪು ಗಾಜು, ಅದರ ಮೇಲೆ ಅದಿರಿನ ಕೆಂಪು ಧೂಳು, ಇನ್ನೂ ಹರಿಯದ ಬೆಳಕು. ಹಿಂದಿನ ಸೀಟು ಕಾಣದ ಕಾರನ್ನೆಲ್ಲ ನಾನು ಒಬ್ಬರ ಕಾರು ಎಂದೇ ಬರೆದುಕೊಂಡಿದ್ದೆ. ಈಗ ಅಂಥವಕ್ಕೆ ಸೊನ್ನೆ ಸುತ್ತಿ ಬೇರೆ ಇಡುತ್ತೇನೆ.

ಲೆಕ್ಕದ ದಾರಿ ಲಾಜಿಟ್. ಅಂದರೆ ಉಳಿಯುವ ಸಮಯದಂಥ ಒಂದೊಂದು ಸಂಗತಿಗೂ ಅದು ಮನಸ್ಸನ್ನು ಎಷ್ಟು ಎಳೆಯುತ್ತದೋ ಅಷ್ಟು ತೂಕ ಕೊಟ್ಟು, ನೂರಕ್ಕೆ ಎಷ್ಟು ಮಂದಿ ಯಾವ ದಾರಿ ಹಿಡಿದಾರು ಎಂದು ಅಂದಾಜಿಸುವ ಸೂತ್ರ. ಈಗ ನೂರಕ್ಕೆ 10 ಮಂದಿ ಕೂಡಿ ಹೋಗುತ್ತಾರೆ, ಮೀಸಲು ಲೇನಿನಲ್ಲಿ 8 ನಿಮಿಷ ಉಳಿಯುತ್ತದೆ, ನಿಮಿಷಕ್ಕೆ 0.03 ತೂಕ ಅಂತ ಇಟ್ಟುಕೊಳ್ಳೋಣ. ಹತ್ತು ಇದ್ದದ್ದು 12.4 ಆಗುತ್ತದೆ. ಅಲ್ಲಿಗೇ ನಿಂತರೆ ತಪ್ಪು. ಅಷ್ಟು ಮಂದಿ ಆಚೆ ಸರಿದರೆ ಉಳಿದ ಲೇನ್ ಹಗುರಾಗಿ, ಉಳಿತಾಯ 6 ನಿಮಿಷಕ್ಕೆ ಇಳಿದೀತು. ಆಗ ಉತ್ತರ 11.7. ಮತ್ತೆ ಸಮಯ ಹಾಕಬೇಕು, ಮತ್ತೆ ಪಾಲು ತೆಗೆಯಬೇಕು, ಎರಡೂ ಒಂದಕ್ಕೊಂದು ಒಪ್ಪುವ ತನಕ. 12ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಸುತ್ತಾಟ ನನಗೆ ತುಂಬ ಹಿಡಿಸಿದೆ.

ಅಮೆರಿಕದ ವರ್ಜೀನಿಯಾದಲ್ಲಿ ಶರ್ಲಿ ಹೆದ್ದಾರಿಯಲ್ಲಿ ಹೊಸದಾಗಿ ಕಟ್ಟಿದ್ದ ಬಸ್ ಲೇನನ್ನು 1973ರಲ್ಲಿ ನಾಲ್ವರಿದ್ದ ಕಾರುಗಳಿಗೂ ಬಿಟ್ಟರು, ಆ ಏರ್ಪಾಡು ಉಳಿದುಕೊಂಡಿತು. ಲಾಸ್ ಏಂಜಲೀಸಿನ ಸಾಂಟಾ ಮೋನಿಕಾ ಹೆದ್ದಾರಿಯಲ್ಲಿ 1976ರಲ್ಲಿ ಇದ್ದ ಲೇನನ್ನೇ ಕಿತ್ತು ಮೀಸಲಿಟ್ಟರು. 21 ವಾರಕ್ಕೆ ನ್ಯಾಯಾಲಯ ನಿಲ್ಲಿಸಿತು. ಹಾಗಾಗಿ ನನ್ನ ಹಾಳೆಯಲ್ಲಿ 'ಹೊಸ ಲೇನ್', 'ಇದ್ದ ಲೇನ್' ಎರಡು ಬೇರೆ ಪ್ರಶ್ನೆ. ಇದ್ದದ್ದನ್ನು ತೆಗೆದರೆ ಒಬ್ಬರೇ ಹೋಗುವವರ ಸಮಯವೂ ಹೆಚ್ಚುತ್ತದೆ, ಉಳಿತಾಯ ದೊಡ್ಡದಾಗಿ ಕಾಣುತ್ತದೆ, ಸಿಟ್ಟೂ ಅಷ್ಟೇ ದೊಡ್ಡದು.

ಮೂರನೇ ವಾರ ಚಾ ಅಂಗಡಿಯ ಯಜಮಾನರು ನನ್ನ ಹಾಳೆ ನೋಡಿ ಅಂದರು: "ಸರ, ಆ ಕ್ರೂಸರಿನ್ಯಾಗ ಹತ್ತು ಮಂದಿ ಅದಾರ. ನಿಮ್ಮ ಲೇನ್ ಬರ್ಲಿ, ಬಿಡ್ಲಿ, ಅವ್ರು ಹಿಂಗ ಹೋಗೋರು."

ಆ ಮಾತು ನನ್ನ ಲೆಕ್ಕವನ್ನೇ ತಿರುಗಿಸಿತು. ಮೀಸಲು ಲೇನಿನಲ್ಲಿ ತುಂಬಿದ ಕಾರು ಓಡುವುದು ಬೇರೆ, ರಸ್ತೆಯಿಂದ ಒಂದು ಕಾರು ಕಡಿಮೆಯಾಗುವುದು ಬೇರೆ. ಗಂಡ, ಹೆಂಡತಿ, ಶಾಲೆಗೆ ಹೊರಟ ಮಗು ಇದ್ದರೆ ಮೂರು ತಲೆ ಆಯಿತು, ಆದರೆ ಅವರು ನಿನ್ನೆಯೂ ಹೀಗೇ ಹೋದವರು. ಕ್ಯಾಲಿಫೋರ್ನಿಯಾದಲ್ಲಿ ಕೂಸನ್ನೂ ಒಂದು ತಲೆ ಎಂದೇ ಎಣಿಸುತ್ತಾರೆ. ಆಮೇಲಿಂದ ಮನೆಯವರು, ಬಾಡಿಗೆ ಗಾಡಿ, ಜೊತೆ ಕೆಲಸದವರು ಅಂತ ಮೂರು ಅಂಕಣ ಮಾಡಿದೆ. ಹೊರಗಿನಿಂದ ನೋಡಿ ಹೇಳುವುದು ಕಷ್ಟ. ಹಳದಿ ಬೋರ್ಡು, ಒಂದೇ ಬಣ್ಣದ ಯೂನಿಫಾರ್ಮು, ಶಾಲೆ ಚೀಲ, ಇವಿಷ್ಟೇ ಗುರುತು.

ಈ ವಾರ ಒಬ್ಬರೇ ಕಾರಲ್ಲಿ ಬಂದು ಚಾಕ್ಕೆ ನಿಂತವರನ್ನು, ಕೂಡಿ ಯಾಕೆ ಹೋಗುವುದಿಲ್ಲ ಅಂತ ಕೇಳಿದೆ. ಯಾರೂ ನಿಮಿಷದ ಮಾತು ಎತ್ತಲಿಲ್ಲ. "ಓಟಿ ಬಿದ್ರ ವಾಪಸ್ ಹೆಂಗ ಬರೋದು?" ಎಂಬುದೇ ಬಹುತೇಕರ ಪ್ರಶ್ನೆ. ಅಮೆರಿಕದ ಊರುಗಳಲ್ಲಿ ಕೂಡಿ ಬಂದವರಿಗೆ ತುರ್ತಿದ್ದರೆ ಮನೆಗೆ ಮುಟ್ಟಿಸುವ ಭರವಸೆ ಕೊಡುವ ಯೋಜನೆಗಳು ಇರುವುದು ಇದೇ ಕಾರಣಕ್ಕೆ. ನನ್ನ ಸೂತ್ರದಲ್ಲಿ ವಾಪಸಾತಿಗೆ ಜಾಗವೇ ಇರಲಿಲ್ಲ. ಈಗ ಒಂದು ತೂಕ ಸೇರಿಸಿದ್ದೇನೆ, ಅದರ ಬೆಲೆ ಗೊತ್ತಾಗಬೇಕಾದರೆ ಪಾಳಿ ಬಿಡುವ ಹೊತ್ತಿಗೂ ಎಣಿಸಬೇಕು. ಸೋಮವಾರದಿಂದ ಮಧ್ಯಾಹ್ನ ರಸ್ತೆಯ ಆಚೆ ಬದಿಗೆ, ಬೇವಿನ ಮರದ ಕೆಳಗೆ ಕುಂದ್ರುತ್ತೇನೆ.