ಕಂತು ಕಟ್ಟಿದ ಮೇಲೆ ಉಳಿಯುವ ಸಂಸಾರ

ಸಂಬಳ ಖಾತೆಗೆ ಬಂದ ಕೂಡಲೇ ಸಾಲದ ಕಂತು ಕಡಿತವಾಗಿ, ಉಳಿದ ಹಣದಲ್ಲೇ ಮಕ್ಕಳ ಶುಲ್ಕ, ಹಿರಿಯರ ಔಷಧ, ಬಾಡಿಗೆಗಳನ್ನು ಹೊಂದಿಸಬೇಕಾದ ಕುಟುಂಬಗಳಲ್ಲಿ ನಮ್ಮದೂ ಒಂದು. ಸಾಲ ಬೇಗ ತೀರಲೆಂದು ಕೈಯಲ್ಲಿರುವುದನ್ನೆಲ್ಲ ಅಸಲಿಗೆ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಆಸ್ಪತ್ರೆಯ ಖರ್ಚೊಂದು ಎದುರಾದರೆ ಈ ಸಾಲಕ್ಕಿಂತ ದುಬಾರಿಯಾದ ಕ್ರೆಡಿಟ್ ಕಾರ್ಡಿಗೆ ಕೈಚಾಚಬೇಕಾಗುತ್ತದೆ. ಆದ್ದರಿಂದ ನಮ್ಮ ಲೆಕ್ಕದ ಪುಸ್ತಕದಲ್ಲಿ ಕಂತಿನ ಸಾಲಿನ ಕೆಳಗೇ ಆಪತ್ಕಾಲದ ನಿಧಿಗೂ ಒಂದು ಸಾಲಿದೆ, ಅದನ್ನು ಪತ್ನಿ ಯಾವ ತಿಂಗಳೂ ಖಾಲಿ ಬಿಡುವುದಿಲ್ಲ.

ಹಾಗೆಂದು ಹೆಚ್ಚುವರಿ ಪಾವತಿಯನ್ನು ಕೊನೆಯ ವರ್ಷಗಳವರೆಗೆ ಮುಂದೂಡುವುದರಲ್ಲೂ ಅರ್ಥವಿಲ್ಲ. ಶೇ. 9ರ ಬಡ್ಡಿಯಲ್ಲಿ 20 ವರ್ಷಗಳಿಗೆ ಪಡೆದ ಸಾಲದ ಮೊದಲ ಕಂತಿನ ಆರು ಪಾಲಿನಲ್ಲಿ ಸುಮಾರು ಐದು ಪಾಲು ಬಡ್ಡಿಗೇ ಹೋಗುತ್ತದೆ, ಮತ್ತು ಅವಧಿ ಮುಗಿಯುವಷ್ಟರಲ್ಲಿ ಪಡೆದುದರ ಎರಡು ಪಟ್ಟಿಗೂ ಹೆಚ್ಚು ಹಣ ಕಟ್ಟಿರುತ್ತೇವೆ. ಆರಂಭದಲ್ಲಿ ಅಸಲಿಗೆ ಕಟ್ಟಿದ ಸಣ್ಣ ಮೊತ್ತವೂ ಮುಂದಿನ ಅಷ್ಟೂ ವರ್ಷಗಳ ಬಡ್ಡಿಯನ್ನು ತಗ್ಗಿಸುತ್ತದೆ.

ಸಾಲ ಕೊಡುವವರ ಹೊಣೆ ಪಡೆಯುವವರ ಹೊಣೆಗಿಂತ ಕಡಿಮೆಯದಲ್ಲ. ಮೂರು ವರ್ಷಗಳ ಸಾಲಕ್ಕೆ ಶೇ. 10ರ ‘ಫ್ಲಾಟ್’ ಬಡ್ಡಿ, ಅಂದರೆ ಕೊನೆಯವರೆಗೂ ಮೊದಲು ಪಡೆದ ಪೂರ್ತಿ ಮೊತ್ತದ ಮೇಲೇ ಹಾಕುವ ಬಡ್ಡಿ, ಎಂದು ಹೇಳಿದಾಗ, ಪ್ರತಿ ಕಂತಿನ ನಂತರ ಇಳಿಯುವ ಬಾಕಿಯ ಲೆಕ್ಕದಲ್ಲಿ ಅದು ಸುಮಾರು ಶೇ. 18 ಆಗುತ್ತದೆಂಬುದನ್ನು ಗ್ರಾಹಕರಿಗೆ ತಿಳಿಸದಿರುವುದು, ನನ್ನ ದೃಷ್ಟಿಯಲ್ಲಿ, ಮೋಸಕ್ಕೆ ತೀರ ಹತ್ತಿರದ್ದು. ಸಂಬಳದ ಚೀಟಿಯೊಂದನ್ನೇ ನೋಡಿ ಮಂಜೂರು ಮಾಡುವ ಬದಲು, ಆ ಸಂಬಳವನ್ನು ನಂಬಿರುವವರು ಎಷ್ಟು ಮಂದಿ, ಬೇರೆ ಕಂತುಗಳು ಎಷ್ಟಿವೆ, ಬಡ್ಡಿದರ ಏರಿದರೆ ಮನೆ ನಡೆಯುವುದೇ ಎಂದು ಕೇಳಿ, ಅಗತ್ಯವಿದ್ದರೆ ಸಾಲದ ಮೊತ್ತವನ್ನು ಇಳಿಸುವುದೂ ಅವರ ಕೆಲಸವೇ.