ಕಾಯಿಲ್ ಕತ್ತರಿಸುವ ಮೊದಲು

ಐಟಿಐ ಮುಗಿಸಿ ನಾನು ಕೆಲಸಕ್ಕೆ ಸೇರಿದ್ದು ಕೋಲಾರ ಜಿಲ್ಲೆಯ ಒಂದು ಮೋಟರ್ ವೈಂಡಿಂಗ್ ಅಂಗಡಿಗೆ. ಯಜಮಾನರು ಸೈನ್ಯದ ಇಎಂಇಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಟ್ಯಾಂಕ್, ಲಾರಿ, ಫಿರಂಗಿ, ಏನೇ ಕೆಟ್ಟರೂ ರಿಪೇರಿ ಮಾಡುವ ವಿಭಾಗ ಅದು. ಮುಂದೆ ಓದಿಸಲು ಮನೆಯಲ್ಲಿ ದುಡ್ಡಿರಲಿಲ್ಲ, ಸೈನ್ಯಕ್ಕೆ ಹೋದರು, ಕೆಲಸ ಅಲ್ಲೇ ಕಲಿತರು. ಎಂಬತ್ತರ ದಶಕದಲ್ಲಿ ಪೆನ್ಷನ್ ಮೇಲೆ ಊರಿಗೆ ಬಂದು, ಕೈಗೆ ಬಂದ ಹಣದಲ್ಲಿ ಅಂಗಡಿ ಇಟ್ಟರು. ಊರಿಗೆಲ್ಲ ಅವರು ಮಿಲ್ಟ್ರಿ ಸಾರ್. ಈಗ ನನ್ನದೇ ಅಂಗಡಿ ಇದೆ. ಅದು ನಡೆಯುತ್ತಿರುವುದು ಅವರು ಕಲಿಸಿದ ಒಂದು ಅಭ್ಯಾಸದಿಂದ.

ಸುಟ್ಟ ಮೋಟರ್ ಬಂದರೆ ಬೇರೆ ಅಂಗಡಿಗಳಲ್ಲಿ ಮೊದಲು ಉಳಿ, ಸುತ್ತಿಗೆ ಹಿಡಿಯುತ್ತಾರೆ. ಹಳೇ ಕಾಯಿಲ್ ಕತ್ತರಿಸಿ ತೆಗೆದು, ತಾಮ್ರ ತೂಕ ಮಾಡಿ, ಹೊಸ ತಂತಿ ಸುತ್ತುವುದು. ಸಾರ್ ಮಾತ್ರ ಸ್ಟೇಟರನ್ನು (ಮೋಟರಿನಲ್ಲಿ ತಿರುಗದ, ಕಾಯಿಲ್ ಕೂತಿರುವ ಭಾಗ) ಬೆಳಕಿಗೆ ತಂದಿಟ್ಟು ಸುಮ್ಮನೆ ನೋಡುತ್ತಾ ಕೂರುತ್ತಿದ್ದರು. "ಯಾಕೆ ಸುಟ್ಟಿದೆ ಅಂತ ಅದೇ ಹೇಳ್ತಾ ಇದೆ. ಕತ್ತರಿಸಿದ ಮೇಲೆ ಯಾರನ್ನ ಕೇಳ್ತೀಯಪ್ಪಾ?" ಎನ್ನುತ್ತಿದ್ದರು.

ನಿಜವಾಗಿಯೂ ಹೇಳುತ್ತದೆ. ಮೂರೂ ಫೇಸಿನ ಕಾಯಿಲ್‌ಗಳ ಒಂದೊಂದು ತುದಿ ಒಂದೇ ಕಡೆ ಸೇರಿರುವ ಸ್ಟಾರ್ ಕನೆಕ್ಷನ್ ಮೋಟರಿಗೆ ಒಂದು ಫೇಸ್ ಬರುವುದು ನಿಂತರೆ ಎರಡು ಫೇಸಿನ ಕಾಯಿಲ್ ಸುಡುತ್ತವೆ, ಮೂರನೆಯದು ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ಕಾಯಿಲ್‌ಗಳನ್ನು ತ್ರಿಕೋನದ ಹಾಗೆ ಜೋಡಿಸಿರುವ ಡೆಲ್ಟಾದಲ್ಲಿ ಉಲ್ಟಾ, ಒಂದು ಸುಟ್ಟು ಎರಡು ಚೆನ್ನಾಗಿರುತ್ತವೆ. ಸುತ್ತಲೂ ಒಂದೇ ಸಮ ಬೆಂದಿದ್ದರೆ ಓವರ್‌ಲೋಡ್, ಲೋ ವೋಲ್ಟೇಜ್, ಇಲ್ಲವೇ ತಿರುಗುವ ಭಾಗವಾದ ರೋಟರ್ ಹಿಡಿದುಕೊಂಡಿರಬಹುದು. ಒಂದೇ ಸ್ಲಾಟಿನಲ್ಲಿ (ಕಾಯಿಲ್ ಕೂರುವ ಸೀಳು) ಚುಕ್ಕೆಯ ಹಾಗೆ ಸುಟ್ಟಿದ್ದರೆ ಅಲ್ಲಿ ಇನ್ಸುಲೇಷನ್ ತೂತಾಗಿದೆ. ಬೋರ್‌ವೆಲ್ ಸಬ್‌ಮರ್ಸಿಬಲ್‌ನಲ್ಲಿ ಮೋಟರ್ ಒಳಗೂ ನೀರೇ ಇರುತ್ತದೆ, ತಂತಿಗೆ ಪ್ಲಾಸ್ಟಿಕ್ ಹೊದಿಕೆ. ಹಾಗಾಗಿ ಅಲ್ಲಿ ಕಪ್ಪಾಗುವುದಕ್ಕಿಂತ ಕರಗಿ ಅಂಟಿಕೊಂಡಿರುವುದೇ ಜಾಸ್ತಿ. ಓದಲು ಅಭ್ಯಾಸ ಬೇಕು.

ಈ ಬುದ್ಧಿ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದೆ. ಯುದ್ಧದ ಮಾತು ಅವರು ಹೆಚ್ಚು ಆಡುತ್ತಿರಲಿಲ್ಲ, ಅವತ್ತು ಹೇಳಿದರು. 1971ರ ಡಿಸೆಂಬರಿನ ಪಾಕಿಸ್ತಾನ ಯುದ್ಧದಲ್ಲಿ ಅವರಿದ್ದದ್ದು ಪಶ್ಚಿಮ ಗಡಿಯ ಶಕರ್‌ಗಢ ಸೆಕ್ಟರಿನಲ್ಲಿ. ಬಸಂತರ್ ನದಿ ದಾಟುವ ಕಾಳಗ ನಡೆದದ್ದು ಅಲ್ಲೇ. ನದಿಯ ಎರಡೂ ಕಡೆ ಮೈನ್ ಹೂತಿದ್ದರು. ಡಿಸೆಂಬರ್ 16ರಂದು ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಟ್ಯಾಂಕಿನಲ್ಲೇ ಪ್ರಾಣ ಬಿಟ್ಟದ್ದು ಆ ಕಾಳಗದಲ್ಲಿ, ವಯಸ್ಸು 21. ನಮ್ಮ ಕಡೆ ಇದ್ದದ್ದು ಸೆಂಚುರಿಯನ್ ಟ್ಯಾಂಕ್, ಸುಮಾರು 50 ಟನ್ ತೂಕ. ಬ್ಯಾಟರಿ ಚಾರ್ಜ್ ಮಾಡಲು ಅದರೊಳಗೆ ಬೇರೆಯದೇ ಒಂದು ಚಿಕ್ಕ ಮಾರಿಸ್ ಎಂಜಿನ್ ಇರುತ್ತಿತ್ತು.

ಒಂದು ಟ್ಯಾಂಕಿನ ಬ್ಯಾಟರಿ ಮತ್ತೆ ಮತ್ತೆ ಕೂರುತ್ತಿತ್ತಂತೆ. ಇವರು ಬದಲಾಯಿಸುವುದು, ಅದು ಕೂರುವುದು. ರಾತ್ರಿ ಬೆಳಕು ಕಾಣಿಸುವ ಹಾಗಿಲ್ಲ, ಕಂಬಳಿ ಹೊದ್ದು ಟಾರ್ಚ್ ಹಿಡಿದೇ ಕೆಲಸ. ಕೊನೆಗೆ ಹಿರಿಯ ಹವಿಲ್ದಾರರೊಬ್ಬರು ಒಳಗಿಳಿದರು. ಬ್ಯಾಟರಿ ಮುಟ್ಟಲೇ ಇಲ್ಲ, ಕೇಬಲ್ ಉದ್ದಕ್ಕೂ ಕೈಯಾಡಿಸುತ್ತಾ ಹೋದರು. ಅದುರಿ ಅದುರಿ ಕೇಬಲ್ ಕಬ್ಬಿಣಕ್ಕೆ ಉಜ್ಜಿ, ಮೇಲಿನ ಹೊದಿಕೆ ಸವೆದು ಹೋಗಿತ್ತು. "ಬ್ಯಾಟರಿ ತಪ್ಪಿರಲೇ ಇಲ್ಲ. ಟ್ಯಾಂಕಿನ ಆ ನಾಲ್ಕು ಜನ ಅದನ್ನೇ ನಂಬಿ ಮುಂದೆ ಹೋಗ್ತಿದ್ರು" ಎಂದು ಸಾರ್ ಸುಮ್ಮನಾದರು. ಪಶ್ಚಿಮದಲ್ಲಿ ಕದನವಿರಾಮ ಆಗಿದ್ದು 17ರ ರಾತ್ರಿ. ಆ ಟ್ಯಾಂಕ್ ಏನಾಯಿತು ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ನಮ್ಮ ಕಡೆ ರೈತನಿಗೆ ವೈಂಡಿಂಗ್ ಖರ್ಚಿಗಿಂತ ಮೋಟರ್ ಎತ್ತಿ ಬಿಡುವುದೇ ಭಾರ. ಸಾವಿರ ಅಡಿಯ ಬೋರ್ ಎಂದರೆ 20 ಅಡಿಯ ಪೈಪು 50. ಒಂದೊಂದನ್ನೂ ಬಿಚ್ಚಿ ಮೇಲೆ ತರಬೇಕು, ಮತ್ತೆ ಒಂದೊಂದನ್ನೂ ಜೋಡಿಸಿ ಇಳಿಸಬೇಕು. ಕಾರಣ ಸರಿಮಾಡದೆ ಬರೀ ಕಾಯಿಲ್ ಕಟ್ಟಿ ಕಳಿಸಿದರೆ ಆ ಮನುಷ್ಯ ಇದನ್ನೆಲ್ಲ ಇನ್ನೊಂದು ಸಲ ಮಾಡಬೇಕು, ಅಷ್ಟರಲ್ಲಿ ಟೊಮೆಟೊ ಒಣಗಿರುತ್ತದೆ. ಅದಕ್ಕೇ ಸಾರ್ ಎರಡು ಮೂರು ಮೋಟರ್ ಸ್ಪೇರ್ ಇಟ್ಟಿದ್ದರು. ಇದೂ ಸೈನ್ಯದ ಪದ್ಧತಿಯೇ. ಮುಂದಿನ ಸಾಲಿನಲ್ಲಿ ಭಾಗವನ್ನೇ ಬದಲಾಯಿಸಿ ಗಾಡಿ ಓಡಿಸುತ್ತಾರೆ, ಕೆಟ್ಟದ್ದನ್ನು ಹಿಂದಿನ ವರ್ಕ್‌ಶಾಪಿನಲ್ಲಿ ನಿಧಾನಕ್ಕೆ ಬಿಚ್ಚುತ್ತಾರೆ. ರೈತನ ಬೋರಿಗೆ ನಮ್ಮ ಮೋಟರ್ ಇಳಿಯುತ್ತಿತ್ತು, ಅವನದು ನಮ್ಮ ಮೇಜಿನ ಮೇಲೆ.

ಮೂರು ಸಲ ಬೇರೆ ಕಡೆ ಕಟ್ಟಿಸಿಯೂ ಉಳಿಯದ ಒಂದು ಮೋಟರ್ ನಮ್ಮಲ್ಲಿಗೆ ಬಂತು. ಸುತ್ತಲೂ ಒಂದೇ ಸಮ ಬೆಂದಿತ್ತು. ಸಾರ್ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಿಡಿದು ತೋಟಕ್ಕೇ ಹೊರಟರು, ನಾನೂ ಹೋದೆ. ತ್ರೀ ಫೇಸ್ ಬರುವ ಹೊತ್ತಿಗೆ ಕಾದು ಕೂತೆವು. ಕರೆಂಟ್ ಬಂದ ಕೂಡಲೇ ಆ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲಿದ್ದ ಅಷ್ಟೂ ಮೋಟರ್‌ಗಳು ಆಟೋ ಸ್ಟಾರ್ಟರಿನಲ್ಲಿ ಒಟ್ಟಿಗೇ ಎದ್ದವು. ವೋಲ್ಟೇಜ್ ಕುಸಿಯಿತು, ಎಲ್ಲ ಮೋಟರೂ ಮಿತಿ ಮೀರಿ ಆಂಪ್ಸ್ ಎಳೆಯತೊಡಗಿದವು. ಈ ರೈತನ ಸ್ಟಾರ್ಟರಿನಲ್ಲಿ, ಹೆಚ್ಚು ಕರೆಂಟ್ ಹರಿದರೆ ಮೋಟರ್ ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು ಯಾರೋ ಕೊನೆಯವರೆಗೆ ತಿರುಗಿಸಿಟ್ಟಿದ್ದರು, ಪದೇ ಪದೇ ಟ್ರಿಪ್ ಆಗುತ್ತದೆ ಎಂದು! ಟ್ರಿಪ್ ಆಗುವುದೇ ಅದರ ಕೆಲಸ ಅಲ್ವಾ. ಸಾರ್ ರಿಲೇಯನ್ನು ಮೋಟರಿನ ಆಂಪ್ಸ್‌ಗೆ ಸೆಟ್ ಮಾಡಿದರು. ಆಮೇಲೆ ಅಕ್ಕಪಕ್ಕದ ತೋಟದವರನ್ನೆಲ್ಲ ಕರೆಸಿ, ಒಬ್ಬರ ನಂತರ ಒಬ್ಬರದು ಏಳುವ ಹಾಗೆ ಟೈಮರ್ ಹಾಕಿಸಲು ಒಪ್ಪಿಸಿದರು. ಸಂಜೆಯಾಯಿತು. ಆ ಓಡಾಟಕ್ಕೆ ಬಿಲ್ ಹಾಕಲಿಲ್ಲ. ಆಮೇಲೆ ಆ ಅಕ್ಕಪಕ್ಕದವರೆಲ್ಲ ನಮ್ಮ ಗಿರಾಕಿಗಳೇ ಆದರು.

ಅಂಗಡಿಯಲ್ಲಿ ಒಂದು ದಪ್ಪ ಲೆಡ್ಜರ್ ಇತ್ತು. ಎಚ್‌ಪಿ, ಸ್ಲಾಟ್, ಟರ್ನ್ಸ್, ತಂತಿಯ ಗೇಜ್, ಕನೆಕ್ಷನ್, ಕೊನೆಗೆ 'ಯಾಕೆ' ಎಂಬ ಕಾಲಂ. ಕಟ್ಟಿದ ಮೇಲೆ ಇನ್ಸುಲೇಷನ್ ಅಳೆಯುವ ಮೆಗ್ಗರ್ ರೀಡಿಂಗ್, ತೊಟ್ಟಿಯಲ್ಲಿ ಓಡಿಸಿದಾಗ ಮೂರೂ ಫೇಸಿನ ಆಂಪ್ಸ್. 'ಯಾಕೆ' ತುಂಬದೆ ತಂತಿ ಕೊಡುತ್ತಿರಲಿಲ್ಲ. ಕಾರಣ ಸಿಗದಿದ್ದರೆ 'ಗೊತ್ತಾಗಿಲ್ಲ' ಎಂದೇ ಬರೆಯಬೇಕಿತ್ತು, ಊಹೆ ಬರೆಯುವ ಹಾಗಿಲ್ಲ. ಅಂಥ ಮೋಟರ್ ಬೋರಿಗೆ ಇಳಿಯುವ ದಿನ ನಮ್ಮಲ್ಲಿ ಒಬ್ಬರು ಜೊತೆಗೆ ಹೋಗಿ, ಕೇಬಲ್, ಜಾಯಿಂಟ್, ಸ್ಟಾರ್ಟರ್, ಟಿಸಿ ಫ್ಯೂಸ್ ಎಲ್ಲ ನೋಡಿ ಬರಬೇಕು. ನನ್ನ ಅಂಗಡಿಯ ಹುಡುಗರೂ ಈಗ ಹಾಗೇ ಹೋಗುತ್ತಾರೆ. ಬಹಳ ಸಲ ಉತ್ತರ ಅಲ್ಲೇ ಸಿಗುತ್ತದೆ. ಬಂದ ಮೇಲೆ 'ಗೊತ್ತಾಗಿಲ್ಲ' ಹೊಡೆದುಹಾಕಿ ಕಾರಣ ಬರೆಯುತ್ತಾರೆ.