ಎದುರಿಗಿಲ್ಲದ ವಸ್ತುವಿನ ನೆರಳು ಎಲ್ಲಿ ಬೀಳುತ್ತದೆ?

ನನ್ನ ಪೆನ್ಸಿಲ್ ಚಿತ್ರಗಳನ್ನು ನೋಡಿದವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. ಮೇಜಿನ ಮೇಲಿಟ್ಟ ತಂಬಿಗೆಯನ್ನು ನೋಡಿ ಬಿಡಿಸುವಾಗ ನೆರಳು ಕಣ್ಣಿಗೆ ಕಾಣುತ್ತದೆ, ಕಂಡಂತೆ ಹಾಕಬಹುದು. ಆದರೆ ರೆಕ್ಕೆ ಬಡಿಯುತ್ತ ಹಾರುವ ಆನೆಯನ್ನು ಕಲ್ಪಿಸಿಕೊಂಡು ಬಿಡಿಸುವಾಗ ನೆರಳು ಎಲ್ಲಿ ಬೀಳಬೇಕೆಂದು ತಿಳಿಯುವುದು ಹೇಗೆ? ಅದು ಹುಟ್ಟಿನಿಂದ ಬಂದ ವರವೆಂದು ಕೆಲವರು ಉತ್ತರವನ್ನೂ ತಾವೇ ಕೊಟ್ಟುಕೊಳ್ಳುತ್ತಾರೆ. ನನ್ನ ಉತ್ತರ ಅಷ್ಟು ಆಕರ್ಷಕವಾಗಿಲ್ಲ. ಆನೆಯನ್ನೂ ದೀಪವನ್ನೂ ಮನಬಂದಂತೆ ಕಲ್ಪಿಸಿಕೊಳ್ಳಬಹುದು; ಅವೆರಡೂ ನಿಶ್ಚಯವಾದ ಮೇಲೆ ನೆರಳನ್ನು ಲೆಕ್ಕ ಹಾಕಿಯೇ ಕಂಡುಕೊಳ್ಳಬೇಕು.

ಹೀಗಾಗಿ ಬೆಳಕು ಎಲ್ಲಿಂದ ಬರುತ್ತದೆಂದು ಮೊದಲೇ ತೀರ್ಮಾನಿಸಿ, ಹಾಳೆಯ ಅಂಚಿನಲ್ಲಿ ಒಂದು ಬಾಣದ ಗುರುತು ಹಾಕಿಕೊಳ್ಳುತ್ತೇನೆ. ಆಮೇಲೆ ಸ್ವಲ್ಪ ಹೊತ್ತು ಆನೆಯನ್ನು ಆನೆಯೆಂದು ನೋಡುವುದನ್ನು ಬಿಟ್ಟು, ಹೊಟ್ಟೆಯನ್ನು ಅಡ್ಡ ಮಲಗಿಸಿದ ಪೀಪಾಯಿಯಾಗಿ, ಕಾಲುಗಳನ್ನು ಸಿಲಿಂಡರುಗಳಾಗಿ, ತಲೆಯನ್ನು ಗೋಳವಾಗಿ ಬಿಡಿಸಿಕೊಳ್ಳಬೇಕು. ಹೊಳಪಿಲ್ಲದ ಮೇಲ್ಮೈ ಬೆಳಕಿಗೆ ಎಷ್ಟು ನೇರವಾಗಿ ಮುಖ ಮಾಡಿರುತ್ತದೋ ಅಷ್ಟು ಬೆಳಗುತ್ತದೆ, ಓರೆಯಾದಂತೆಲ್ಲ ಮಂಕಾಗುತ್ತದೆ. ಇದನ್ನು ಗಣಿತಜ್ಞ ಯೊಹಾನ್ ಲ್ಯಾಂಬರ್ಟ್ 1760ರಲ್ಲಿಯೇ ಗಣಿತದ ನಿಯಮವಾಗಿ ಬರೆದಿಟ್ಟಿದ್ದಾನೆ. ಚಿತ್ರ ಬಿಡಿಸುವವರಿಗೆ ಅದರ ಸಾರವಷ್ಟೇ ಸಾಕು. ಗೋಳದ ಮೇಲೆ ಬೆಳಕು ಕ್ರಮೇಣ ಕುಂದುತ್ತ ಬಂದು, ಬೆಳಕು ಮುಟ್ಟದ ಭಾಗ ಆರಂಭವಾಗುವ ಗಡಿಯ ಬಳಿ ಕಡುನೆರಳಿನ ಪಟ್ಟಿಯಾಗುತ್ತದೆ. ಕಲಿಯುವವರು ಎಡವುವುದು ಇಲ್ಲಿಯೇ: ಅತಿ ಕಪ್ಪನ್ನು ಹೊರಗೆರೆಗೆ ಅಂಟಿಸಿ ತುಂಬುತ್ತಾರೆ. ನೆಲಕ್ಕೆ ಬಡಿದು ಹಿಂದಿರುಗಿದ ಬೆಳಕು ಅಂಚನ್ನು ಸ್ವಲ್ಪ ತಿಳಿಯಾಗಿಸುವುದರಿಂದ, ಅತಿ ಕಪ್ಪು ಅಂಚಿಗಿಂತ ತುಸು ಒಳಗಿರುತ್ತದೆ. ಈ ಮರುಬೆಳಕನ್ನು ಕಂಡುಕೊಂಡ ಸಂಭ್ರಮದಲ್ಲಿ ಅದನ್ನು ಬೆಳಕಿನ ಭಾಗದಷ್ಟೇ ಬೆಳ್ಳಗೆ ಬಿಟ್ಟರೆ, ಆನೆಯ ಹೊಟ್ಟೆ ತಗಡಿನ ಡಬ್ಬಿಯಂತೆ ಮಿನುಗತೊಡಗುತ್ತದೆ.

ತೋಳಿನ ಎರಡೂ ಅಂಚುಗಳಿಗೆ ಸಮನಾಗಿ ಛಾಯೆ ಹಾಕುವವರನ್ನೂ ನೋಡಿದ್ದೇನೆ. ಅದನ್ನು ತಪ್ಪೆಂದು ಹೇಳಲು ನನಗೆ ಮನಸ್ಸಿಲ್ಲ. ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವತೆಗಳ ಮೈ ದುಂಡಾಗಿ ಕಂಡರೂ ಅವರ ನೆರಳು ನೆಲದ ಮೇಲೆ ಬೀಳುವುದಿಲ್ಲ. ತಗ್ಗು ಉಬ್ಬುಗಳನ್ನು ಬೇರ್ಪಡಿಸಿ ತೋರಿಸಬಲ್ಲವನೇ ಚಿತ್ರವನ್ನು ಬಲ್ಲವನೆಂದು ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಹೇಳುತ್ತದೆ; ಅದು ವರ್ತನೆಯೆಂದು ಕರೆಯುವ ಛಾಯೆ ಮೈಗೆ ದುಂಡುತನ ಕೊಡುವುದಕ್ಕಾಗಿ ಇದೆಯೇ ಹೊರತು ದೀಪದ ಸ್ಥಾನವನ್ನು ತೋರಿಸುವುದಕ್ಕಲ್ಲ. ಆ ಕ್ರಮಕ್ಕೆ ಅದರದೇ ಶಿಸ್ತಿದೆ. ಅರಿವಿಲ್ಲದೆ ಆ ಕ್ರಮವನ್ನೂ ದೀಪದ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಬೆರೆಸಿದಾಗ ಮಾತ್ರ ತೊಡಕಾಗುತ್ತದೆ.

ನೆಲದ ಮೇಲೆ ಬೀಳುವ ನೆರಳು ಇದಕ್ಕಿಂತ ಸುಲಭ, ಅದಕ್ಕೆ ಅಡಿಪಟ್ಟಿ ಸಾಕು. ದೀಪದಿಂದ ವಸ್ತುವಿನ ತುದಿಯ ಮೂಲಕ ಒಂದು ಗೆರೆಯನ್ನೂ, ದೀಪದ ನೇರ ಕೆಳಗೆ ನೆಲದ ಮೇಲಿರುವ ಬಿಂದುವಿನಿಂದ ವಸ್ತುವಿನ ಬುಡದ ಮೂಲಕ ಇನ್ನೊಂದು ಗೆರೆಯನ್ನೂ ಎಳೆದರೆ, ಅವೆರಡೂ ಕೂಡುವಲ್ಲಿ ನೆರಳಿನ ತುದಿ ಇರುತ್ತದೆ. ಹಾರುವ ಆನೆಗೆ ಬುಡವಿಲ್ಲವಾದ್ದರಿಂದ ಅದರ ನೇರ ಕೆಳಗಿನ ನೆಲದ ಬಿಂದುವನ್ನೇ ಬುಡವೆಂದು ಇಟ್ಟುಕೊಳ್ಳಬೇಕು. ಆಗ ಆನೆಗೂ ನೆರಳಿಗೂ ನಡುವೆ ಉಳಿಯುವ ಅಂತರವೇ ಅದು ಎಷ್ಟು ಎತ್ತರದಲ್ಲಿ ಹಾರುತ್ತಿದೆಯೆಂದು ನೋಡುಗರಿಗೆ ಹೇಳುತ್ತದೆ. ಅಂಚಿನ ಮಸುಕಿಗೂ ಲೆಕ್ಕವಿದೆ. ಸೂರ್ಯಬಿಂಬ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲವಾಗಿ ಕಾಣುವುದರಿಂದ, ಬಿಸಿಲಿನಲ್ಲಿ ಒಂದು ಮೀಟರ್ ದೂರದಿಂದ ಬಿದ್ದ ನೆರಳಿನ ಅಂಚು ಸುಮಾರು 9 ಮಿಲಿಮೀಟರ್ ಮಸುಕಾಗಿರುತ್ತದೆ, ದೂರ ಹೆಚ್ಚಿದಂತೆ ಮಸುಕೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ತೆಂಗಿನ ಮರದ ಬುಡದ ನೆರಳು ಕತ್ತರಿಸಿದಂತೆ ಸ್ಪಷ್ಟವಾಗಿದ್ದು, ಗರಿಗಳ ನೆರಳು ಕಲಸಿಹೋಗಿರುವುದು ಇದೇ ಕಾರಣಕ್ಕೆ. ಆನೆ ಮೇಲೇರಿದಷ್ಟೂ ಅದರ ನೆರಳನ್ನು ನೀವು ಹೆಚ್ಚು ಮೃದುವಾಗಿ ಬಿಡಿಸಬೇಕು.

ಇಷ್ಟೆಲ್ಲ ಲೆಕ್ಕ ಕಲ್ಪನೆಯನ್ನು ಕೊಲ್ಲುವುದಿಲ್ಲವೇ ಎಂದು ಕೇಳುವವರಿಗೆ ನಾನು ಚಂದ್ರನ ಚಿತ್ರಗಳನ್ನು ನೆನಪಿಸುತ್ತೇನೆ. 1609ರ ಜುಲೈನಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದೂರದರ್ಶಕದ ಮೂಲಕ ಚಂದ್ರನನ್ನು ನೋಡಿ ಬಿಡಿಸಿದ ಚಿತ್ರದಲ್ಲಿ ಬೆಳಕು ಕತ್ತಲೆಗಳ ಗಡಿ ಅಂಕುಡೊಂಕಾಗಿದೆ, ಆದರೆ ಬೆಟ್ಟಗಳಿಲ್ಲ. ಕೆಲವೇ ತಿಂಗಳ ನಂತರ ಗೆಲಿಲಿಯೋ ಅದೇ ಗಡಿಯಾಚೆಯ ಕತ್ತಲೆಯಲ್ಲಿ ಹೊಳೆಯುವ ಚುಕ್ಕೆಗಳನ್ನು ಕಂಡು, ಅವು ಬಿಸಿಲು ತಾಗಿದ ಶಿಖರಗಳೆಂದು ಅರಿತು, ಅವುಗಳ ಎತ್ತರವನ್ನೂ ಅಂದಾಜು ಮಾಡಿ 1610ರಲ್ಲಿ ಪ್ರಕಟಿಸಿದ. ಕಲಾ ಇತಿಹಾಸಕಾರರು ಇದಕ್ಕೆ ಕೊಡುವ ಕಾರಣಗಳಲ್ಲಿ ಮುಖ್ಯವಾದದ್ದು, ನೆರಳಿನಿಂದ ಉಬ್ಬುತಗ್ಗುಗಳನ್ನು ಗುರುತಿಸುವ ಚಿತ್ರವಿದ್ಯೆ ಆತನಿಗೆ ಕರಗತವಾಗಿತ್ತು ಎಂಬುದು. 1613ರಲ್ಲಿ ಫ್ಲಾರೆನ್ಸಿನ ಚಿತ್ರಕಲಾ ಅಕಾಡೆಮಿ ಆತನನ್ನು ಸದಸ್ಯನನ್ನಾಗಿಯೂ ಆರಿಸಿಕೊಂಡಿತು. ಯಾರೂ ಕಾಲಿಡದ ಬೆಟ್ಟಗಳನ್ನು ಆತನ ಕಲ್ಪನೆ ತಲುಪಿದ್ದು ನೆರಳಿನ ಲೆಕ್ಕದ ಮೂಲಕವೇ.

ಲೆಕ್ಕ ಕೈಕೊಟ್ಟಾಗ ಜೇಡಿಮಣ್ಣಿನಿಂದ ಅಂಗೈಯಗಲದ ಆನೆಯೊಂದನ್ನು ಮಾಡಿ, ಕೋಣೆಯ ದೀಪವಾರಿಸಿ, ಮೊಬೈಲಿನ ಟಾರ್ಚನ್ನು ಅದರ ಸುತ್ತ ತಿರುಗಿಸಿ ನೋಡಬಹುದು. ನನ್ನಲ್ಲಿ ಕಲಿಯಲು ಬಂದವರು ಮೊದಲು ಇದನ್ನು ಮೋಸವೆಂದೇ ಭಾವಿಸುತ್ತಾರೆ. ವೆನಿಸ್ಸಿನ ಹೆಸರಾಂತ ಚಿತ್ರಕಾರ ಟಿಂಟೊರೆಟ್ಟೊ ಮೇಣ ಮತ್ತು ಮಣ್ಣಿನ ಪುಟ್ಟ ಆಕೃತಿಗಳನ್ನು ಮಾಡಿ, ಪೆಟ್ಟಿಗೆಯಂಥ ಸಣ್ಣ ಮನೆಗಳೊಳಗೆ ಅವನ್ನು ನಿಲ್ಲಿಸಿ, ಕಿಟಕಿಗಳಲ್ಲಿ ದೀಪವಿಟ್ಟು ನೆರಳನ್ನು ಗಮನಿಸುತ್ತಿದ್ದನೆಂದು ಅವನ ಜೀವನಚರಿತ್ರೆ ಬರೆದ ರಿಡಾಲ್ಫಿ ದಾಖಲಿಸಿದ್ದಾನೆ. ಅಂಥವನಿಗೆ ಒಪ್ಪಿಗೆಯಾದದ್ದು ನಮಗೇಕೆ ಆಗಬಾರದು?

ಪೆನ್ಸಿಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ: ಎಚ್‌ಬಿ, 2ಬಿ, 6ಬಿ ಇದ್ದರೆ ಆರಂಭಕ್ಕೆ ಧಾರಾಳವಾಯಿತು. ಗ್ರಾಫೈಟನ್ನು ಒತ್ತಿ ತುಂಬಿದಷ್ಟೂ ಅದು ಹೊಳೆಯತೊಡಗಿ, ಕಪ್ಪಾಗಬೇಕಾದ ಕಡೆ ಬೂದುಬಣ್ಣವಾಗಿ ಕಾಣುತ್ತದೆ. ಆದ್ದರಿಂದ ಇವುಗಳಲ್ಲಿ ಅತಿ ಮೃದುವೂ ಕಪ್ಪೂ ಆದ 6ಬಿಯನ್ನು ಹಗುರವಾಗಿ ಪದರಪದರವಾಗಿ ಹಚ್ಚಿ, ಬೆರಳಿನಿಂದ ತಿಕ್ಕದೆ, ಅತಿ ಕಪ್ಪನ್ನು ಆನೆಯ ಬಾಯೊಳಗೆ, ಕಿವಿಯ ಹಿಂದೆ, ರೆಕ್ಕೆ ಮೈಗೆ ಸೇರುವ ಸಂದಿಯಲ್ಲಿ ಮಾತ್ರ ಉಳಿಸಿಕೊಳ್ಳುವುದು ಲೇಸು.